ಪಂಪಿಗೊಂದು ಧಾರಕ: ಬೆಲೆ ಕೇಳುವ ಮುನ್ನ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಇದು ಬಂಡೆಗಳ ನಾಡು, ಮಳೆ ಕಡಮೆ. ಜಯಮಂಗಲಿ, ಉತ್ತರ ಪಿನಾಕಿನಿ ಮೊದಲಾದ ಹೊಳೆಗಳು ಈ ಸೀಮೆಯಲ್ಲಿ ವರ್ಷದ ಬಹುಕಾಲ ಮರಳಿನ ಹಾಸುಗಳಾಗಿಯೇ ಕಾಣುತ್ತವೆ. ಹಿಂದೆ ಕೆರೆಯ ನೀರನ್ನೂ ಕಪಿಲೆಯ ನೀರನ್ನೂ ನಂಬಿದ್ದ ತೋಟಗಳಿಗೆ ಇಂದು ನೂರಾರು ಅಡಿ ಆಳದ ಕೊಳವೆ ಬಾವಿಯೇ ಆಧಾರ. ಆ ಬಾವಿಯ ತಳದಲ್ಲಿ ನೀರಿನೊಳಗೆ ಮುಳುಗಿ ತಿರುಗುವ ವಿದ್ಯುನ್ಮೋಟರು ಕೆಟ್ಟರೆ, ಅದನ್ನು ಮೇಲೆತ್ತಿ, ಸುರುಳಿ ಸುತ್ತಿಸಿ, ಮತ್ತೆ ಇಳಿಸುವಷ್ಟರಲ್ಲಿ ಬೆಳೆ ಬಾಡಿರುವುದು.

ಮೋಟರು ಸುಡುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದು, ತಂತಿಯ ಕೊನೆಯಲ್ಲಿ ಒತ್ತಡ, ಅಂದರೆ ವೋಲ್ಟೇಜು, ಕುಸಿಯುವುದು. ಇದಕ್ಕೆ ಪರಿಹಾರವಾಗಿ "ಒಂದು ಕೆಪಾಸಿಟರ್ ಹಾಕಿಸಿ" ಎಂಬ ಸಲಹೆ ಬಹುಕಾಲದಿಂದ ಕೇಳಿಬರುತ್ತಿದೆ. ಸಲಹೆ ಸರಿಯಾದುದೇ. ಆದರೆ ಕೂಡಲೆ ಹುಟ್ಟುವ ಪ್ರಶ್ನೆ, "ಅದಕ್ಕೆ ಬೆಲೆ ಎಷ್ಟು?" ಎಂಬುದು. ಈ ಪ್ರಶ್ನೆಗೆ ಅಂಗಡಿಯವನು ಒಂದು ಅಂಕಿಯನ್ನು ಹೇಳಿಯಾನು. ಆ ಅಂಕಿಯಿಂದ ನಮಗೆ ತಿಳಿಯುವುದು ಅತ್ಯಲ್ಪ. ಬಟ್ಟೆಯ ಅಳತೆಯನ್ನೂ ನೇಯ್ಗೆಯನ್ನೂ ತಿಳಿಯದೆ "ಬಟ್ಟೆಗೆ ಎಷ್ಟು?" ಎಂದು ಕೇಳಿದಂತಾಗುವುದು. ಎಷ್ಟು ಅಳತೆಯ ಧಾರಕ, ಯಾವ ಒತ್ತಡಕ್ಕೆ, ಯಾವ ಸ್ಥಳದಲ್ಲಿ ಎಂಬ ಮೂರು ಮಾತುಗಳು ನಿಶ್ಚಯವಾದ ಮೇಲೆಯೇ ಬೆಲೆಗೆ ಅರ್ಥ ಬರುತ್ತದೆ. ಈ ಮೂರನ್ನೂ ಕಂಡುಕೊಳ್ಳಲು ಪ್ರೌಢಶಾಲೆಯ ಗಣಿತವೂ ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವೂ ಸಾಕು.

ಕೈಗಡದ ವಿದ್ಯುತ್ತು

ಮೋಟರು ತಿರುಗಬೇಕಾದರೆ ಅದರ ಕಬ್ಬಿಣದ ತಿರುಳಿನಲ್ಲಿ ಮೊದಲು ಕಾಂತಕ್ಷೇತ್ರ ಉಂಟಾಗಬೇಕು. ಕ್ಷೇತ್ರವನ್ನು ಕಟ್ಟಲು ಶಕ್ತಿ ಬೇಕು. ನಮ್ಮ ಮನೆಗಳಿಗೂ ಹೊಲಗಳಿಗೂ ಬರುವುದು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹವಷ್ಟೆ. ಪ್ರವಾಹ ಏರಿದಂತೆ ಕ್ಷೇತ್ರ ಬೆಳೆಯುವುದು, ಇಳಿದಂತೆ ಕುಗ್ಗುವುದು. ಬೆಳೆಯುವಾಗ ಸುರುಳಿಯು ತಂತಿಯಿಂದ ಶಕ್ತಿಯನ್ನು ಪಡೆಯುತ್ತದೆ. ಕುಗ್ಗುವಾಗ ಅದನ್ನೇ ತಂತಿಗೆ ಹಿಂದಿರುಗಿಸುತ್ತದೆ. ಒಂದೊಂದು ಫೇಸಿನಲ್ಲಿಯೂ ಈ ಕೊಡುಕೊಳ್ಳುವಿಕೆ ಸೆಕೆಂಡಿಗೆ 100 ಸಲ ನಡೆಯುವುದು.

ಇದೊಂದು ಬಗೆಯ ಕೈಗಡ. ಬಿತ್ತನೆಯ ಕಾಲದಲ್ಲಿ ದೂರದ ಊರಿನ ನಂಟನಿಂದ ಒಂದು ಪಲ್ಲ ರಾಗಿಯನ್ನು ಕಡ ತಂದು, ಸುಗ್ಗಿಯಲ್ಲಿ ಪೂರ್ತಿ ಹಿಂದಿರುಗಿಸಿದೆವೆಂದು ಭಾವಿಸೋಣ. ರಾಗಿಯ ಲೆಕ್ಕ ಚುಕ್ತಾ ಆಯಿತು. ಆದರೆ ಎರಡು ಸಲವೂ ತೆತ್ತ ಗಾಡಿಯ ಬಾಡಿಗೆ ಹಿಂದಕ್ಕೆ ಬರುವುದೆ? ಗಾಡಿಯಲ್ಲಿ ಬೇರೆ ಸರಕಿಗೆ ಇರಬಹುದಾಗಿದ್ದ ಸ್ಥಳವೂ ಹೋಯಿತು. ವಿದ್ಯುತ್ತಿನ ಮಾತೂ ಹೀಗೆಯೇ. ಕಡ ಬಂದು ಹೋಗುವ ಪ್ರವಾಹವು ನೀರನ್ನು ಮೇಲೆತ್ತುವುದಿಲ್ಲ; ಆದರೆ ತಂತಿಯನ್ನು ಬಿಸಿಮಾಡುತ್ತದೆ, ಟ್ರಾನ್ಸ್‌ಫಾರ್ಮರಿನ ಸ್ಥಳವನ್ನು ಆಕ್ರಮಿಸುತ್ತದೆ, ದಾರಿಯುದ್ದಕ್ಕೂ ಒತ್ತಡವನ್ನು ತಗ್ಗಿಸುತ್ತದೆ.

ಇಂಜಿನಿಯರುಗಳು ಇದನ್ನು ರಿಯಾಕ್ಟಿವ್ ಪವರ್ ಎನ್ನುತ್ತಾರೆ. ನಾವು ಪ್ರತಿಕ್ರಿಯಾ ಸಾಮರ್ಥ್ಯ ಎನ್ನೋಣ. ಇದರ ಅಳತೆ ಕಿಲೋವಾರ್. ನೀರೆತ್ತುವ ನಿಜ ಸಾಮರ್ಥ್ಯದ ಅಳತೆ ಕಿಲೋವ್ಯಾಟ್. ಇವೆರಡನ್ನೂ ಹೊತ್ತು ತರುವ ತಂತಿಯ ಹೊರೆಯ ಅಳತೆ ಕಿಲೋವೋಲ್ಟ್ ಆಂಪೇರ್. ಇವು ಒಂದು ಲಂಬಕೋನ ತ್ರಿಭುಜದ ಮೂರು ಭುಜಗಳು: ಪಾದವೇ ನಿಜ ಸಾಮರ್ಥ್ಯ, ಲಂಬವೇ ಪ್ರತಿಕ್ರಿಯಾ ಸಾಮರ್ಥ್ಯ, ಕರ್ಣವೇ ತಂತಿಯ ಹೊರೆ. ಪಾದವನ್ನು ಕರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಪವರ್ ಫ್ಯಾಕ್ಟರ್ ಅಥವಾ ಸಾಮರ್ಥ್ಯ ಗುಣಕ ಎಂದು ಹೆಸರು. ಅದು 1 ಆದರೆ ಕೈಗಡವೇ ಇಲ್ಲ. ಕಡಮೆಯಾದಷ್ಟೂ ಕೈಗಡ ಹೆಚ್ಚು.

ಐದು ಕುದುರೆ ಬಲದ ಪಂಪು

5 ಕುದುರೆ ಬಲದ ಒಂದು ಪಂಪನ್ನು ತೆಗೆದುಕೊಳ್ಳೋಣ. ಒಂದು ಕುದುರೆ ಬಲ 0.746 ಕಿಲೋವ್ಯಾಟಿಗೆ ಸಮವಾದುದರಿಂದ ಮೋಟರು ಕೊಡುವ ಕೆಲಸ 3.73 ಕಿಲೋವ್ಯಾಟ್. ಮೋಟರಿನ ದಕ್ಷತೆ ಶೇಕಡಾ 75 ಎಂದಿಟ್ಟುಕೊಂಡರೆ ಅದು ತಂತಿಯಿಂದ ಪಡೆಯುವುದು ಸುಮಾರು 5 ಕಿಲೋವ್ಯಾಟ್. ಸಾಮರ್ಥ್ಯ ಗುಣಕ 0.75 ಆಗಿದ್ದರೆ ತಂತಿಯ ಹೊರೆ 5 ÷ 0.75 = 6.67 ಕಿಲೋವೋಲ್ಟ್ ಆಂಪೇರ್. ಪೈಥಾಗೊರಸನ ನಿಯಮದಂತೆ ಲಂಬವನ್ನು ಕಂಡುಹಿಡಿದರೆ ಪ್ರತಿಕ್ರಿಯಾ ಸಾಮರ್ಥ್ಯ 4.41 ಕಿಲೋವಾರ್. ಅಂದರೆ 5 ಪಾಲು ಕೆಲಸಕ್ಕೆ ಸುಮಾರು ನಾಲ್ಕೂವರೆ ಪಾಲು ಕೈಗಡ!

ಈಗ ಧಾರಕದ ಗುಣವನ್ನು ನೋಡೋಣ. ಅದು ಶಕ್ತಿಯನ್ನು ವಿದ್ಯುತ್‌ಕ್ಷೇತ್ರದ ರೂಪದಲ್ಲಿ ಕೂಡಿಡುತ್ತದೆ. ಅದೂ ಪಡೆದುದನ್ನು ಹಿಂದಿರುಗಿಸುವುದೇ. ಆದರೆ ಅದರ ಸರದಿ ಸುರುಳಿಯ ಸರದಿಗೆ ನೇರ ವಿರುದ್ಧ. ಸುರುಳಿಯು ಕಡ ಕೇಳುವ ಗಳಿಗೆಯಲ್ಲಿ ಧಾರಕವು ಕೊಡುತ್ತದೆ. ಸುರುಳಿಯು ಹಿಂದಿರುಗಿಸುವ ಗಳಿಗೆಯಲ್ಲಿ ಧಾರಕವು ತೆಗೆದುಕೊಳ್ಳುತ್ತದೆ. ದೂರದ ನಂಟನ ಬದಲು ಪಕ್ಕದ ಮನೆಯವನೇ ಕಡ ಕೊಟ್ಟಂತಾಯಿತು. ಕೊಡುಕೊಳ್ಳುವಿಕೆ ನಿಲ್ಲಲಿಲ್ಲ, ಗಾಡಿಯ ಬಾಡಿಗೆ ಉಳಿಯಿತು.

ನಮ್ಮ ಪಂಪಿಗೆ 2 ಕಿಲೋವಾರಿನ ಧಾರಕವನ್ನು ಜೋಡಿಸಿದರೆ ತಂತಿಯಿಂದ ಬರಬೇಕಾದ ಕೈಗಡ 2.41 ಕಿಲೋವಾರಿಗೆ ಇಳಿಯುವುದು. ಹೊರೆ 5.55 ಕಿಲೋವೋಲ್ಟ್ ಆಂಪೇರ್. ಸಾಮರ್ಥ್ಯ ಗುಣಕ 0.90. ಮೂರು ಫೇಸಿನ 415 ವೋಲ್ಟಿನ ತಂತಿಯಲ್ಲಿ ಮೊದಲು 9.27 ಆಂಪೇರ್ ಇದ್ದ ಪ್ರವಾಹ 7.72 ಆಂಪೇರಿಗೆ ಇಳಿಯಿತು. ತಂತಿಯಲ್ಲಿ ಶಾಖವಾಗಿ ಹಾಳಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ನಷ್ಟವು ಶೇಕಡಾ 31ರಷ್ಟು ತಗ್ಗುವುದು. 63 ಕಿಲೋವೋಲ್ಟ್ ಆಂಪೇರಿನ ಟ್ರಾನ್ಸ್‌ಫಾರ್ಮರು ಇಂತಹ 9 ಪಂಪುಗಳನ್ನು ಮಾತ್ರ ಹೊರಬಲ್ಲುದಾಗಿದ್ದರೆ, ಧಾರಕಗಳನ್ನು ಇರಿಸಿದ ಮೇಲೆ ಅದೇ ಟ್ರಾನ್ಸ್‌ಫಾರ್ಮರು 11 ಪಂಪುಗಳನ್ನು ಹೊರುವುದು.

ಒತ್ತಡದ ಮಾತೇನು? ಇಲ್ಲಿ ಅತಿಯಾದ ಆಸೆ ಸಲ್ಲದು. ಇಂತಹ 4 ಪಂಪುಗಳು 1 ಕಿಲೋಮೀಟರ್ ಉದ್ದದ ತಂತಿಯ ಕೊನೆಯಲ್ಲಿವೆ ಎನ್ನೋಣ. ತಂತಿಯ ರೋಧ 0.9 ಓಮ್, ಪ್ರತಿಘಾತ 0.35 ಓಮ್ ಆಗಿರಲಿ. ಸ್ಥೂಲವಾಗಿ, ನಿಜ ಸಾಮರ್ಥ್ಯವನ್ನು ರೋಧದಿಂದಲೂ ಪ್ರತಿಕ್ರಿಯಾ ಸಾಮರ್ಥ್ಯವನ್ನು ಪ್ರತಿಘಾತದಿಂದಲೂ ಗುಣಿಸಿ, ಕೂಡಿಸಿ, ಒತ್ತಡದಿಂದ ಭಾಗಿಸಿದರೆ ಕುಸಿತ ದೊರೆಯುವುದು. ಧಾರಕವಿಲ್ಲದಾಗ ಅದು ಸುಮಾರು 58 ವೋಲ್ಟ್. ಧಾರಕಗಳಿದ್ದಾಗ ಸುಮಾರು 51 ವೋಲ್ಟ್. ಉಳಿದದ್ದು 6–7 ವೋಲ್ಟ್ ಮಾತ್ರ. ಕುಸಿತದ ಬಹುಪಾಲು ನಿಜ ಸಾಮರ್ಥ್ಯದಿಂದ ಆದುದು. ಅದಕ್ಕೆ ದಪ್ಪ ತಂತಿ ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರು ಬೇಕೇ ಹೊರತು ಧಾರಕವು ಮದ್ದಲ್ಲ. ಮೋಟರಿನ ತಿರುಚುಬಲವು ಒತ್ತಡದ ವರ್ಗಕ್ಕೆ ಅನುಗುಣವಾದುದರಿಂದ ಆ 6–7 ವೋಲ್ಟೂ ಉಪೇಕ್ಷಿಸತಕ್ಕದ್ದಲ್ಲವೆಂಬುದು ನಿಜ. ಆದರೆ ಧಾರಕ ಹಾಕಿದೊಡನೆ ಮೋಟರು ಸುಡುವುದೇ ಇಲ್ಲವೆಂದು ಹೇಳಿ ಮಾರುವವನ ಮಾತನ್ನು ನಂಬಬಾರದು.

ಫಲಕದ ಮೇಲಿನ ಅಂಕಿಗಳು

ಅಳತೆ ತಿಳಿಯಿತು: 2 ಕಿಲೋವಾರ್. ಇನ್ನು ಎರಡನೆಯ ಪ್ರಶ್ನೆ, ಯಾವ ಒತ್ತಡದಲ್ಲಿ? ಧಾರಕವು ಕೊಡುವ ಕಿಲೋವಾರ್ ಒತ್ತಡದ ವರ್ಗಕ್ಕೆ ಅನುಗುಣವಾದುದು. ಫಲಕದ ಮೇಲೆ "2 ಕಿಲೋವಾರ್, 440 ವೋಲ್ಟ್" ಎಂದಿದ್ದರೆ 415 ವೋಲ್ಟಿನಲ್ಲಿ ಅದು ಕೊಡುವುದು 1.78 ಕಿಲೋವಾರ್. "2 ಕಿಲೋವಾರ್, 525 ವೋಲ್ಟ್" ಎಂದಿದ್ದರೆ ಅದೇ 415 ವೋಲ್ಟಿನಲ್ಲಿ ಕೊಡುವುದು ಕೇವಲ 1.25 ಕಿಲೋವಾರ್. ಲೆಕ್ಕಕ್ಕಾಗಿ ಮೊದಲನೆಯದರ ಬೆಲೆ 800 ರೂಪಾಯಿ, ಎರಡನೆಯದರ ಬೆಲೆ 760 ರೂಪಾಯಿ ಎಂದು ಕಲ್ಪಿಸಿಕೊಳ್ಳೋಣ. ಮೇಲುನೋಟಕ್ಕೆ ಎರಡನೆಯದೇ ಅಗ್ಗ. ಆದರೆ ನಮ್ಮ ಒತ್ತಡದಲ್ಲಿ ದೊರೆಯುವ ಒಂದೊಂದು ಕಿಲೋವಾರಿಗೆ ಮೊದಲನೆಯದರಲ್ಲಿ ಸುಮಾರು 450 ರೂಪಾಯಿ, ಎರಡನೆಯದರಲ್ಲಿ ಸುಮಾರು 610 ರೂಪಾಯಿ ಬೀಳುತ್ತದೆ. ಹಾಗೆಂದು ಎರಡನೆಯದು ಮೋಸದ ಸರಕಲ್ಲ: ರಾತ್ರಿ ಹೊರೆ ತಗ್ಗಿ ಒತ್ತಡ ಮೇಲೇರುವ ಕಡೆಗಳಲ್ಲಿ ಅದು ಹೆಚ್ಚು ಕಾಲ ಬಾಳುವುದು. ಕೊಳ್ಳುವವನು ತನಗೆ ಬೇಕಾದುದಾವುದೆಂಬುದನ್ನು ತಿಳಿದಿರಬೇಕು, ಅಷ್ಟೆ. ಇದೇ ವರ್ಗನಿಯಮದ ಫಲವಾಗಿ, ಒತ್ತಡ ಕುಸಿದೆಡೆ ಧಾರಕವೂ ಸೊರಗುತ್ತದೆ; ಆದುದರಿಂದ ಮೇಲಿನ ಲೆಕ್ಕದಲ್ಲಿ ಕಂಡ ಲಾಭವು ನಿಜ ಸ್ಥಿತಿಯಲ್ಲಿ ತುಸು ಕಡಮೆಯಾಗುವುದು.

ಫಲಕದಲ್ಲಿ ಇನ್ನೂ ಮೂರು ಸಂಗತಿಗಳನ್ನು ಹುಡುಕಬೇಕು. ಮೊದಲನೆಯದು ಭಾರತೀಯ ಮಾನಕದ ಸಂಖ್ಯೆ. ಕಡಮೆ ಒತ್ತಡದ, ತಾನಾಗಿಯೇ ಸಣ್ಣ ಗಾಯವನ್ನು ಮಾಯಿಸಿಕೊಳ್ಳುವ ಬಗೆಯ ಧಾರಕಗಳಿಗೆ 13340 ಎಂಬ ಮಾನಕವೂ, 1000 ವೋಲ್ಟಿಗೆ ಮೀರಿದವುಗಳಿಗೆ 13925 ಎಂಬ ಮಾನಕವೂ ಇವೆ. ಎರಡನೆಯದು ಅದು ತಾಳಬಲ್ಲ ಉಷ್ಣತೆಯ ವರ್ಗ. ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗಿನ ಕಾವು ಹೊರಗಿನ ಬಿಸಿಲಿಗಿಂತ ಹೆಚ್ಚು. ಮೂರನೆಯದು ವಿಸರ್ಜನ ರೋಧಕ ಇದೆಯೆ ಎಂಬುದು. ವಿದ್ಯುತ್ತನ್ನು ಕಡಿದ ಮೇಲೂ ಧಾರಕದಲ್ಲಿ ಆವೇಶ ಉಳಿಯುವುದು. ಅದನ್ನು ನಿಧಾನವಾಗಿ ಬರಿದುಮಾಡುವುದು ಈ ರೋಧಕದ ಕೆಲಸ. ಇದನ್ನು ಲೆಕ್ಕಿಸದೆ ಮುಟ್ಟಿದವನಿಗೆ ಪ್ರಾಣಾಪಾಯ. ಜೋಡಿಸುವ ಕೆಲಸವನ್ನು ಪರವಾನಗಿ ಪಡೆದ ಕೆಲಸಗಾರನೇ ಮಾಡಬೇಕು. ವಿದ್ಯಾರ್ಥಿಗಳ ಪಾಲಿಗೆ ಓದುವುದೂ ಲೆಕ್ಕಹಾಕುವುದೂ ಸಾಕು.

ಹೆಚ್ಚು ದೊಡ್ಡ ಧಾರಕವಿದ್ದರೆ ಹೆಚ್ಚು ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ. ಕೈಗಡದ ಅಗತ್ಯಕ್ಕೆ ಮೀರಿದ ಧಾರಕವು ಮೋಟರಿನ ತುದಿಗಳಿಗೆ ಅಂಟಿಕೊಂಡಿದ್ದರೆ, ವಿದ್ಯುತ್ತು ಹೋದ ಮೇಲೆ ಇನ್ನೂ ತಿರುಗುತ್ತಿರುವ ಮೋಟರು ಕ್ಷಣಕಾಲ ಜನಕಯಂತ್ರವಾಗಿ ಅತಿಯಾದ ಒತ್ತಡವನ್ನು ಹುಟ್ಟಿಸಬಹುದು. ಆದುದರಿಂದ ಹೊರೆಯಿಲ್ಲದೆ ತಿರುಗುವಾಗ ಮೋಟರು ಸೆಳೆಯುವ ಪ್ರವಾಹದ ಶೇಕಡಾ 90ನ್ನು ಧಾರಕದ ಪ್ರವಾಹ ಮೀರದಿರಲೆಂಬುದು ವಾಡಿಕೆಯ ಮಿತಿ.

ಸ್ಥಳವೂ ಬೆಲೆಯೂ

ಮೂರನೆಯ ಪ್ರಶ್ನೆ ಸ್ಥಳದ್ದು. ಧಾರಕವನ್ನು ಪಂಪಿನ ಬಳಿ, ಟ್ರಾನ್ಸ್‌ಫಾರ್ಮರಿನ ಬಳಿ, 11,000 ವೋಲ್ಟಿನ ಕಂಬದ ಮೇಲೆ, ಅಥವಾ ಉಪಕೇಂದ್ರದಲ್ಲಿ ಇರಿಸಬಹುದು. ಅದು ಎಲ್ಲಿದೆಯೋ ಅಲ್ಲಿಂದ ಮೇಲಿನ ದಾರಿಗೆ ಮಾತ್ರ ಉಪಶಮನ. ಉಪಕೇಂದ್ರದಲ್ಲಿಟ್ಟ ಧಾರಕದಿಂದ ಹಳ್ಳಿಯ ತಂತಿಯ ನಷ್ಟ ಎಳ್ಳಷ್ಟೂ ನೇರವಾಗಿ ತಗ್ಗುವುದಿಲ್ಲ. ಆದರೆ ಅಲ್ಲಿ ನೋಡಿಕೊಳ್ಳುವವರಿರುತ್ತಾರೆ; ಹೊಲದ ಪೆಟ್ಟಿಗೆಯಲ್ಲಿಟ್ಟುದು ಕೆಟ್ಟರೆ ವರ್ಷಗಟ್ಟಲೆ ಯಾರಿಗೂ ತಿಳಿಯದಿರಬಹುದು.

ಉಪಕರಣದ ಜಾಣ್ಮೆ ಹೆಚ್ಚಿದಂತೆ ಬೆಲೆಯೂ ಏರುವುದು. ಸದಾ ಜೋಡಿಸಿಯೇ ಇರುವ ಸ್ಥಿರ ಧಾರಕ ಎಲ್ಲಕ್ಕಿಂತ ಅಗ್ಗ. ಶೇಂಗಾ ಎಣ್ಣೆಯ ಗಿರಣಿಯಂತಹ ಕಡೆ ಹೊರೆ ಗಳಿಗೆಗಳಿಗೆಗೂ ಬದಲಾಗುವುದರಿಂದ, ಧಾರಕಗಳನ್ನು ಬೇಕಾದಷ್ಟೇ ಜೋಡಿಸಿ ಬಿಡಿಸುವ ಸ್ವಯಂಚಾಲಿತ ಫಲಕ ಬೇಕು. ಅದರಲ್ಲಿ ಧಾರಕದ ಬೆಲೆಯ ಜೊತೆಗೆ ರಿಲೇ, ಸ್ವಿಚ್ಚುಗಳ ಬೆಲೆಯೂ ಸೇರುವುದು. ದೊಡ್ಡ ಜಾಲಗಳಲ್ಲಿ ಬಳಸುವ, ಒಂದು ಆವರ್ತ ಮುಗಿಯುವಷ್ಟರಲ್ಲಿಯೇ ಹೊಂದಿಕೊಳ್ಳಬಲ್ಲ ಸ್ಟ್ಯಾಟ್‌ಕಾಮ್ ಎಂಬ ಇಲೆಕ್ಟ್ರಾನಿಕ್ ಉಪಕರಣಕ್ಕೆ ಪ್ರತಿ ಕಿಲೋವಾರಿಗೆ ತಗಲುವ ವೆಚ್ಚ ಇವೆಲ್ಲಕ್ಕಿಂತ ಬಹಳ ಹೆಚ್ಚು.

ಈ ಬೆಲೆಗಳನ್ನು ಅಂಗಡಿಯ ಮಾತಿನಿಂದಲ್ಲದೆ ಬರೆಹದಿಂದ ತಿಳಿಯಲು ನಾಲ್ಕು ಆಕರಗಳಿವೆ. ತಯಾರಕರ ಕೈಪಿಡಿಗಳಲ್ಲಿ ತಾಂತ್ರಿಕ ವಿವರಗಳು ದೊರೆಯುತ್ತವೆ. ಮೋಟರಿನ ಕುದುರೆ ಬಲಕ್ಕೆ ತಕ್ಕ ಧಾರಕ ಯಾವುದೆಂಬುದಕ್ಕೆ 7752 ಎಂಬ ಭಾರತೀಯ ಮಾನಕವೇ ಮಾರ್ಗದರ್ಶಿ. ವಿದ್ಯುತ್ ಪ್ರಸರಣ ನಿಗಮವೂ ಬೆಸ್ಕಾಂನಂತಹ ವಿತರಣಾ ಕಂಪನಿಗಳೂ ತಮ್ಮ ಕಾಮಗಾರಿಗಳ ಅಂದಾಜಿಗಾಗಿ ಸಿದ್ಧಪಡಿಸುವ ದರಪಟ್ಟಿಗಳು ಮತ್ತು ಟೆಂಡರಿನ ಕಾಗದಗಳು ಬೆಲೆಯ ನೆಲೆಯನ್ನು ತೋರಿಸುತ್ತವೆ. ಕೊನೆಯದಾಗಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಗಳ ಆದೇಶಗಳು: ರಾಜ್ಯ ಆಯೋಗದ ದರದ ಆದೇಶದಲ್ಲಿ ಸಾಮರ್ಥ್ಯ ಗುಣಕ ತಗ್ಗಿದರೆ ಯಾವ ಗ್ರಾಹಕನು ಎಷ್ಟು ಹೆಚ್ಚಿಗೆ ತೆರಬೇಕೆಂಬುದೂ, ಕೇಂದ್ರ ಆಯೋಗದ ಆದೇಶಗಳಲ್ಲಿ ದೊಡ್ಡ ಉಪಕೇಂದ್ರಗಳ ಉಪಕರಣಗಳಿಗೆ ತಗಲಿದ ವೆಚ್ಚವೂ ಸಿಕ್ಕುತ್ತವೆ. ಅಂಕಿಯನ್ನು ಓದುವಾಗ ಅದು ಯಾವ ವರ್ಷದ್ದು, ತೆರಿಗೆಯೂ ಸಾಗಣೆಯೂ ಜೋಡಣೆಯೂ ಸೇರಿದೆಯೆ ಎಂಬುದನ್ನು ಮರೆಯದೆ ನೋಡಬೇಕು.

ಲಾಭ ಯಾರಿಗೆ?

ಮೇಲೆ ಹೇಳಿದ 4 ಪಂಪುಗಳ ತಂತಿಯಲ್ಲಿ ಧಾರಕಗಳಿಂದ ಉಳಿಯುವುದು ಸುಮಾರು 1.14 ಕಿಲೋವ್ಯಾಟ್. ದಿನಕ್ಕೆ 7 ಗಂಟೆಯಂತೆ ವರ್ಷಕ್ಕೆ 200 ದಿನ ಓಡಿದರೆ ಸುಮಾರು 1,590 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಭಾವಿಸಿದರೆ 9,500 ರೂಪಾಯಿಗೂ ಮಿಗಿಲು. ನಮ್ಮ ಕಲ್ಪಿತ ಬೆಲೆಯಲ್ಲಿ 4 ಧಾರಕಗಳಿಗೆ 3,200 ರೂಪಾಯಿ. ಒಂದೇ ವರ್ಷದಲ್ಲಿ ಹಾಕಿದ ಹಣ ಮರಳಿ ಬಂದು ಮಿಗುವುದು.

ಹಾಗಿದ್ದರೆ ಪ್ರತಿಯೊಂದು ಹೊಲದಲ್ಲಿಯೂ ಧಾರಕವೇಕಿಲ್ಲ? ಉತ್ತರವು ಭೌತಶಾಸ್ತ್ರದಲ್ಲಿಲ್ಲ. ಕರ್ನಾಟಕದಲ್ಲಿ 10 ಕುದುರೆ ಬಲದವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಧಾರಕಕ್ಕೆ ಹಣ ಹಾಕಿದ ರೈತನಿಗೆ ಬಿಲ್ಲಿನಲ್ಲಿ ಉಳಿಯುವುದೇನೂ ಇಲ್ಲ. ಯೂನಿಟ್ಟುಗಳು ಉಳಿಯುವುದು ಕಂಪನಿಗೆ. ಒತ್ತಡದ ಲಾಭವಾದರೋ ಆ ತಂತಿಯಲ್ಲಿರುವ ಎಲ್ಲರಿಗೂ ಹಂಚಿಹೋಗುವುದು. ಒಬ್ಬನೇ ಧಾರಕ ಹಾಕಿಸಿದರೆ ಅವನಿಗೆ ದೊರೆಯುವುದು ಒಂದೆರಡು ವೋಲ್ಟ್. ನಾಲ್ವರೂ ಹಾಕಿಸಿದರೆ ನಾಲ್ವರಿಗೂ 6–7 ವೋಲ್ಟ್. ಕೆರೆಯ ಹೂಳೆತ್ತುವ ಕೆಲಸದಂತೆ ಇದೂ ಊರೊಟ್ಟಿನ ಕೆಲಸ. ಒಬ್ಬನ ಪಾಲಿಗೆ ನಷ್ಟವೆಂದು ತೋರುವುದು ಎಲ್ಲರ ಲೆಕ್ಕದಲ್ಲಿ ಲಾಭ. ಆದುದರಿಂದ ಧಾರಕಕ್ಕೆ ಹಣ ಹಾಕತಕ್ಕವರು ಯಾರು ಎಂಬ ಪ್ರಶ್ನೆಯನ್ನು, ನಷ್ಟ ಉಳಿಯುವುದು ಯಾರಿಗೆ ಎಂಬ ಪ್ರಶ್ನೆಯೊಡನೆ ಸೇರಿಸಿಯೇ ಕೇಳಬೇಕು.

ತಿರುಮಣಿಯಲ್ಲಿರುವುದು ಇಲ್ಲಿಗೇಕೆ ಬಾರದು?

ಇದೇ ಸೀಮೆಯಲ್ಲಿ ಪ್ರತಿಕ್ರಿಯಾ ಸಾಮರ್ಥ್ಯದ ಇನ್ನೊಂದು ಮುಖವನ್ನೂ ಕಾಣಬಹುದು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ, ಸೌರ ವಿದ್ಯುತ್ ಉದ್ಯಾನ ಹರಡಿದೆ. 2018ರ ಮಾರ್ಚ್ 1ರಂದು ಉದ್ಘಾಟನೆಗೊಂಡು, 2019ರ ಕೊನೆಗೆ ಅದು ತನ್ನ ಪೂರ್ಣ ಸಾಮರ್ಥ್ಯವಾದ 2,050 ಮೆಗಾವ್ಯಾಟನ್ನು ಮುಟ್ಟಿತು. ಸೌರಫಲಕಗಳ ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವನ್ನಾಗಿ ಮಾಡುವ ಇನ್ವರ್ಟರುಗಳು ಪ್ರತಿಕ್ರಿಯಾ ಸಾಮರ್ಥ್ಯವನ್ನು ಕೊಡಲೂ ಬಲ್ಲವು, ಕೊಳ್ಳಲೂ ಬಲ್ಲವು. ಇಂತಹ ಕೇಂದ್ರಗಳು ಎರಡು ದಿಕ್ಕಿನಲ್ಲಿಯೂ 0.95ರ ಸಾಮರ್ಥ್ಯ ಗುಣಕದವರೆಗೆ ಹೊಂದಿಕೊಳ್ಳುವಂತಿರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವಿದೆ. ಹಿಂದಿನ ತ್ರಿಭುಜವನ್ನೇ ಬಳಸಿದರೆ 2,050 ಮೆಗಾವ್ಯಾಟಿಗೆ ಇದು ಸುಮಾರು 670 ಮೆಗಾವಾರ್ ಆಗುವುದು. ಬರಿಯ ಅಂಕಗಣಿತದಲ್ಲಿ 2 ಕಿಲೋವಾರಿನಂತೆ 3 ಲಕ್ಷಕ್ಕೂ ಮೀರಿದ ಪಂಪುಗಳಿಗೆ ಅದು ಸಾಕು!

ಆದರೂ ಅದು ಮಧುಗಿರಿಯ ತೋಟದ ಪಂಪಿಗೆ ಒದಗದು. ಹೆಚ್ಚಿನ ಒತ್ತಡದ ಮಾರ್ಗಗಳಲ್ಲಿಯೂ ಟ್ರಾನ್ಸ್‌ಫಾರ್ಮರುಗಳಲ್ಲಿಯೂ ರೋಧಕ್ಕಿಂತ ಪ್ರತಿಘಾತವೇ ಬಹಳ ದೊಡ್ಡದು. ನಿಜ ಸಾಮರ್ಥ್ಯವು ಈ ದಾರಿಯನ್ನು ಸುಲಭವಾಗಿ ದಾಟುವುದು. ಪ್ರತಿಕ್ರಿಯಾ ಸಾಮರ್ಥ್ಯವು ಪ್ರತಿ ಹೆಜ್ಜೆಗೂ ಒತ್ತಡವನ್ನು ಕುಗ್ಗಿಸುತ್ತ, ದಾರಿಯಲ್ಲಿಯೇ ಕರಗುತ್ತ ಹೋಗುವುದು. ಬೇಕಾದ ಸ್ಥಳದಲ್ಲಿಯೇ ಅದನ್ನು ಒದಗಿಸಬೇಕೆಂಬ ನಿಯಮಕ್ಕೆ ಇದೇ ಕಾರಣ.

ಇರುಳಿನಲ್ಲಿ ಸಮಸ್ಯೆ ತಿರುಗಿಬೀಳುವುದು. ಸೂರ್ಯ ಮುಳುಗಿದ ಮೇಲೆ ಉದ್ಯಾನದ 400 ಕಿಲೋವೋಲ್ಟಿನ ಮಾರ್ಗಗಳ ಹೊರೆ ತಗ್ಗುವುದು. ಹೊರೆಯಿಲ್ಲದ ಉದ್ದನೆಯ ಮಾರ್ಗವು ನೆಲದೊಡನೆ ಸೇರಿ ತಾನೇ ಒಂದು ದೊಡ್ಡ ಧಾರಕವಾಗಿ ವರ್ತಿಸುತ್ತದೆ: ಜೋಡಿವಾಹಕಗಳ ಸಾಧಾರಣ ಮಾರ್ಗದಲ್ಲಿ ಕಿಲೋಮೀಟರಿಗೆ ಸುಮಾರು 0.55 ಮೆಗಾವಾರ್. ಒತ್ತಡ ಮಿತಿಮೀರಿ ಏರತೊಡಗುವುದು. ಆಗ ಬೇಕಾದುದು ಧಾರಕವಲ್ಲ, ಅದಕ್ಕೆ ವಿರುದ್ಧವಾದ ರಿಯಾಕ್ಟರ್ ಎಂಬ ಬೃಹತ್ ಸುರುಳಿ. ನಮ್ಮ ದೇಶದ ಇಂತಹ ಉಪಕೇಂದ್ರಗಳಲ್ಲಿ 125 ಮೆಗಾವಾರಿನ ರಿಯಾಕ್ಟರುಗಳನ್ನು ಬಳಸುವುದುಂಟು. ಒಂದೇ ತಾಲ್ಲೂಕಿನಲ್ಲಿ ಹಗಲು ಪಂಪಿನ ಬಳಿ ಕೊರತೆ, ಇರುಳು ದೊಡ್ಡ ಮಾರ್ಗದಲ್ಲಿ ಹೆಚ್ಚಳ! ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಬಿಟ್ಟು ಪ್ರತಿಕ್ರಿಯಾ ಸಾಮರ್ಥ್ಯದ ಬೆಲೆಯನ್ನು ಹೇಳಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಟ್ರಾನ್ಸ್‌ಫಾರ್ಮರನ್ನು ಆರಿಸಿಕೊಂಡು, ದೂರದಲ್ಲಿಯೇ ನಿಂತು ಅದರ ಅಳತೆಯನ್ನು ಬರೆದುಕೊಳ್ಳಲಿ. ಅದರಿಂದ ನಡೆಯುವ ಪಂಪುಗಳು ಎಷ್ಟು, ಒಂದೊಂದರ ಕುದುರೆ ಬಲವೆಷ್ಟು, ತಂತಿಯ ಉದ್ದವೆಷ್ಟು ಎಂಬುದನ್ನು ಮಾಲಿಕರಿಂದ ಕೇಳಿ ತಿಳಿಯಲಿ. ಇಲ್ಲಿ ಮಾಡಿದ ಲೆಕ್ಕವನ್ನು ಆ ಅಂಕಿಗಳಿಂದ ಮತ್ತೆ ಮಾಡಲಿ. ಒಂದು ಹಾಳೆಯಲ್ಲಿ ಮುಗಿಯುವ ಈ ಲೆಕ್ಕವನ್ನು ಊರವರ ಮುಂದಿಟ್ಟರೆ, "ಕೆಪಾಸಿಟರಿಗೆ ಎಷ್ಟು?" ಎಂಬ ಪ್ರಶ್ನೆಯ ಸ್ಥಾನದಲ್ಲಿ "ನಮ್ಮ ತಂತಿಗೆ ಎಷ್ಟು ಕಿಲೋವಾರ್ ಬೇಕು?" ಎಂಬ ಪ್ರಶ್ನೆ ಹುಟ್ಟುವುದು. ಅದಕ್ಕೆ ನಿಶ್ಚಿತವಾದ ಉತ್ತರವಿದೆ.